ಏಣಿ ಹತ್ತಿ ಅಳೆದ ಹನ್ನೊಂದು ಬಿರುಕು

ನೆಲದಡಿಯ ಗಣಿಯಲ್ಲಿ ಬಂಡೆಯ ಬಿರುಕುಗಳನ್ನು ಅಳೆಯುವುದು ಅವರ ಕೆಲಸ. ಎಲ್ಲರೂ ಅವರನ್ನು ಬಿರುಕು ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗಣಿಯೊಳಕ್ಕೆ ಇಳಿಸುವ ಲಿಫ್ಟಿನ ಪಂಜರದಲ್ಲಿ ಹೆಗಲಿಗೆ ಹೆಗಲು ಒತ್ತಿ ನಿಂತಾಗಲೂ ಪಕ್ಕದವನ ಹೆಲ್ಮೆಟ್ಟಿನ ಪಟ್ಟಿ ಸಡಿಲವಿದ್ದರೆ ತಾವೇ ಬಿಗಿದು, "ಇನ್ನೊಂದ್ಸಲ ಹೀಗ್ ಬಂದ್ರೆ ಮೇಲೇ ನಿಲ್ಸಿಬಿಡ್ತೀನಿ" ಎಂದು ಗದರಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ವಯಸ್ಸು ಐವತ್ತಮೂರು, ಸರ್ವೀಸು ಇಪ್ಪತ್ತಾರು ವರ್ಷ. ಎಡ ಮೊಣಕಾಲು ಮಾತು ಕೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಸುರಂಗದ ಗೋಡೆಗೆ ಎದೆಯೆತ್ತರದಲ್ಲಿ ಮೂವತ್ತು ಮೀಟರ್ ಟೇಪು ಕಟ್ಟಬೇಕು. ಟೇಪನ್ನು ದಾಟಿ ಹೋಗುವ ಪ್ರತಿಯೊಂದು ಬಿರುಕಿನ ಮುಂದೆ ನಿಂತು, ಅದು ಎಷ್ಟನೇ ಮೀಟರಿನಲ್ಲಿದೆ, ಯಾವ ದಿಕ್ಕಿಗೆ ಎಷ್ಟು ವಾಲಿದೆ, ಎಷ್ಟು ಉದ್ದ, ಒಳಗೆ ಜೇಡಿ ತುಂಬಿದೆಯೋ ಬರಿದೋ, ನೀರು ಒಸರುತ್ತಿದೆಯೋ ಎಂದು ಬರೆದುಕೊಳ್ಳಬೇಕು. ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳುತ್ತದೆ. ಬಂಡೆ ಉದುರದಂತೆ ಚಾವಣಿಗೆ ಹೊಡೆದ ಬೋಲ್ಟು, ಕಟ್ಟಿದ ಬಲೆ, ಸೊಂಟದಲ್ಲಿನ ದೀಪದ ಬ್ಯಾಟರಿ, ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಮೇಷ್ಟ್ರು ಬ್ಯಾಟರಿ ಬಿಚ್ಚಿ ದೂರ ಇಟ್ಟು, ಬೋಲ್ಟಿನಿಂದ ಬೋಲ್ಟಿಗೆ ನಡುವೆ ನಿಂತು, ಒಂದೊಂದು ಬಿರುಕನ್ನು ಮೂರು ಸಲ ಅಳೆಯುತ್ತಿದ್ದರು. ಮೂರೂ ಒಂದೇ ಬಂದರೆ ಮಾತ್ರ ಪೆನ್ಸಿಲ್ಲು ಕಾಗದ ಮುಟ್ಟುತ್ತಿತ್ತು.

ಈ ಅಳತೆಗಳೆಲ್ಲ ಹೋಗಿ ಸೇರುತ್ತಿದ್ದುದು ಡಾಕ್ಟರನ ಕೈಗೆ. ಅವನು ನಾಡಿ ಹಿಡಿಯುವ ಡಾಕ್ಟರನಲ್ಲ, ಬಂಡೆಯ ಗಣಿತದಲ್ಲಿ ಡಾಕ್ಟರೇಟ್ ಪಡೆದವನು. ಮೇಷ್ಟ್ರಿಗಿಂತ ಹದಿನಾರು ವರ್ಷ ಚಿಕ್ಕವನು. ಸಾಲದೆಂಬಂತೆ ಷಡ್ಡಕ ಬೇರೆ. ಆರು ವರ್ಷದ ಹಿಂದೆ ಹೊಸದಾಗಿ ಬಂದವನಿಗೆ ಊಟಕ್ಕೆ ತೊಂದರೆಯಾಗಬಾರದೆಂದು ಮನೆಗೆ ಕರೆದೊಯ್ದವರು ಮೇಷ್ಟ್ರೇ. ಅದೇ ವಾರ ಹೆಂಡತಿಯ ತಂಗಿ ಅಕ್ಕನನ್ನು ನೋಡಲು ಬಂದಿದ್ದಳು. ಉಪ್ಪು ಈ ಕಡೆ ಕೊಡಿ, ನೀರು ಆ ಕಡೆ ಕೊಡಿ ಎಂಬಲ್ಲಿ ಶುರುವಾದದ್ದು ಆರು ತಿಂಗಳಲ್ಲಿ ಮದುವೆಗೆ ಹೋಗಿ ನಿಂತಿತು. ಹದಿನೇಳು ವರ್ಷ ಆ ಮನೆಗೆ ಒಬ್ಬನೇ ಅಳಿಯನಾಗಿ ಮೆರೆದವರು ತಮ್ಮ ಪ್ರತಿಸ್ಪರ್ಧಿಯನ್ನು ತಾವೇ ಕೈಹಿಡಿದು ಒಳಗೆ ಕರೆತಂದಿದ್ದರು. ಬಯ್ಯೋಣವೆಂದರೆ ಬೇರೆ ಯಾರೂ ಇರಲಿಲ್ಲ.

ಅತ್ತೆ ಅಕ್ಕಪಕ್ಕದವರ ಮುಂದೆ ಹೇಳುತ್ತಿದ್ದರು, "ನಮ್ಮ ಚಿಕ್ಕಳಿಯಂದ್ರು ಕಂಪ್ಯೂಟರ್ ಒಳಗೇ ಬೆಟ್ಟ ಕಟ್ತಾರೆ ಕಣ್ರೀ!"

"ದೊಡ್ಡೋರು?"

"ಅವ್ರಾ? ಅವ್ರು ಅಳತೆ ತಂದ್ಕೊಡ್ತಾರೆ."

ತಂದ್ಕೊಡ್ತಾರೆ. ಆ ಒಂದು ಪದ ಮೇಷ್ಟ್ರ ಕಿವಿಯಲ್ಲಿ ಮರಳಿನ ಹಾಗೆ ಉಳಿದುಬಿಟ್ಟಿತ್ತು. ಅತ್ತೆ ತಮ್ಮ ಮೊಣಕಾಲು ನೋವನ್ನೂ ಡಾಕ್ಟರನ ಹತ್ತಿರವೇ ಹೇಳಿಕೊಳ್ಳುತ್ತಿದ್ದರು. "ಅತ್ತೆ, ನಾನು ಕಲ್ಲಿನ ಡಾಕ್ಟರು" ಎಂದು ಅವನು ನಕ್ಕರೆ, "ನಂದೂ ಕಲ್ಲೇ ಆಗಿದೆ, ನೋಡಿ" ಎಂದು ಕಾಲು ಚಾಚುತ್ತಿದ್ದರು. ಅದೇ ಹಜಾರದಲ್ಲಿ, ಅದೇ ನೋವಿನ ಕಾಲು ಮಡಿಸಲಾಗದೆ ಕೂತಿದ್ದ ದೊಡ್ಡಳಿಯನನ್ನು ಯಾರೂ ಕೇಳುತ್ತಿರಲಿಲ್ಲ.

ಡಾಕ್ಟರನಲ್ಲಿ ದೋಷ ಹುಡುಕಿ ಹುಡುಕಿ ಮೇಷ್ಟ್ರು ಸೋತಿದ್ದರು. ದನಿ ಏರಿಸುತ್ತಿರಲಿಲ್ಲ, ತಿಂದ ತಟ್ಟೆ ತಾನೇ ತೊಳೆಯುತ್ತಿದ್ದ, ಭಾವ ಎಂದು ಎದ್ದು ನಿಲ್ಲುತ್ತಿದ್ದ. ಒಳ್ಳೆಯವನನ್ನು ದ್ವೇಷಿಸುವುದು ಬಲು ದಣಿವಿನ ಕೆಲಸ. ಎಲ್ಲವನ್ನೂ ಒಬ್ಬರೇ ಮಾಡಿಕೊಳ್ಳಬೇಕು, ಎದುರಿನವನಿಂದ ಒಂದಿಷ್ಟೂ ಸಹಾಯವಿಲ್ಲ.

ಅವನ ವಿದ್ಯೆ ತಲೆಗೆ ಹತ್ತದ್ದಾಗಿದ್ದರೆ ಉರಿ ಇಷ್ಟಿರುತ್ತಿರಲಿಲ್ಲವೇನೋ. ಮೇಷ್ಟ್ರಿಗೆ ಅದು ಅರ್ಥವಾಗುತ್ತಿತ್ತು. ಒಂದೇ ಕಡೆಗೆ ವಾಲಿದ ಬಿರುಕುಗಳೆಲ್ಲ ಒಂದು ಕುಟುಂಬ. ಪ್ರತಿ ಕುಟುಂಬದ ವಾಲು, ಉದ್ದ, ನಡುವಿನ ಅಂತರ ಇವುಗಳ ಸರಾಸರಿ ತೆಗೆದು, ಕಣ್ಣಿಗೆ ಕಾಣದ ಬಂಡೆಯೊಳಗೂ ಅವು ಅದೇ ಲೆಕ್ಕದಲ್ಲಿ ಹಬ್ಬಿವೆಯೆಂದು ಹಿಡಿದು, ಡಾಕ್ಟರ್ ಕಂಪ್ಯೂಟರಿನೊಳಗೆ ಸಾವಿರ ಬಂಡೆ ಕಟ್ಟುತ್ತಿದ್ದ. ಅವುಗಳಲ್ಲಿ ಸುರಂಗ ಕೊರೆದು, ಬಿರುಕುಗಳು ಎಲ್ಲ ಕಡೆಯಿಂದ ಕತ್ತರಿಸಿ ಬಿಡಿಸಿಟ್ಟ ತುಂಡು ಚಾವಣಿಯಲ್ಲಿದೆಯೇ ಎಂದು ಹುಡುಕುತ್ತಿದ್ದ. ತುಂಡನ್ನು ಕೆಳಗೆಳೆಯುವುದು ಅದರ ತೂಕ; ಹಿಡಿದು ನಿಲ್ಲಿಸುವುದು ಬಿರುಕಿನ ಮುಖಗಳ ತಿಕ್ಕಾಟ ಮತ್ತು ಬೋಲ್ಟುಗಳು. ಹಿಡಿಯುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದಾಗ ಒಂದಕ್ಕಿಂತ ಹೆಚ್ಚು ಬಂದರೆ ತುಂಡು ನಿಲ್ಲುತ್ತದೆ, ಪರದೆಯ ಮೇಲೆ ಹಸಿರು. ಕಡಿಮೆ ಬಂದರೆ ಬೀಳುತ್ತದೆ, ಕೆಂಪು. ಓದಿದ್ದರೆ ಇದನ್ನು ತಾವೂ ಮಾಡಬಹುದಿತ್ತು ಎನ್ನಿಸುವಷ್ಟು ಅರ್ಥವಾಗುತ್ತಿದ್ದುದೇ ಮೇಷ್ಟ್ರ ಸಂಕಟ.

ಆ ವರ್ಷ ಗಣಿಯ ತಳದ ಹಂತದಲ್ಲಿ ಕಲ್ಲು ಒಡೆಯುವ ಯಂತ್ರ ಕೂರಿಸಲು ಒಂದು ದೊಡ್ಡ ಕೋಣೆ ಬೇಕಾಯಿತು. ಐದು ಮೀಟರ್ ಅಗಲದ ಸುರಂಗವನ್ನು ಹನ್ನೆರಡು ಮೀಟರಿಗೆ ಅಗಲಿಸಬೇಕು. ಡಾಕ್ಟರ್ ಹೊಸ ಫಾರಂ ತಯಾರಿಸಿ ತಂದುಕೊಟ್ಟ. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಡ್ಡ ಟೇಪಿನ ಹಾಳೆ ಎಲ್ಲಿ?"

ಉದ್ದ ಟೇಪು ಮುಗಿದ ಮೇಲೆ ಏಣಿ ಹಾಕಿ, ಗೋಡೆಯ ಬುಡದಿಂದ ಚಾವಣಿಯ ಮೇಲೆ ಹಾದು ಆ ಕಡೆಯ ಗೋಡೆಗೆ ಇನ್ನೊಂದು ಟೇಪು ಎಳೆಯುವುದು ಮೇಷ್ಟ್ರ ಹಳೆಯ ರೂಢಿ.

"ಅದನ್ನು ಬಿಟ್ಟಿದ್ದೀನಿ ಭಾವ. ಟೇಪಿಗೆ ಓರೆಯಾಗಿ ಹೋಗೋ ಬಿರುಕು ಕಡಿಮೆ ಸಿಗುತ್ತೆ ಅಂತ ಸೂತ್ರದಲ್ಲೇ ತಿದ್ದುಪಡಿ ಹಾಕಿದ್ದೀನಿ. ಸಿಕ್ಕಿದ್ದನ್ನ ಕೋನಕ್ಕೆ ತಕ್ಕ ಹಾಗೆ ಹೆಚ್ಚಿಸಿ ಲೆಕ್ಕ ಹಿಡಿಯುತ್ತೆ. ಈ ಕಾಲಲ್ಲಿ ನೀವ್ಯಾಕೆ ಏಣಿ ಹತ್ತಬೇಕು?"

ಈ ಕಾಲಲ್ಲಿ! ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಯಾರ ಕಣ್ಣಿಗೂ ಬೀಳದ ಕಾಲು ಈಗ ಇವನ ಕಣ್ಣಿಗೆ ಬಿತ್ತು, ಅದೂ ತಮ್ಮ ಕೆಲಸ ಕಿತ್ತುಕೊಳ್ಳುವುದಕ್ಕೆ. "ಆಯ್ತಪ್ಪ, ನಿನ್ನ ಫಾರಂ, ನಿನ್ನ ಇಷ್ಟ" ಎಂದರು. ಫಾರಂ ಕೇಳಿದ್ದನ್ನೆಲ್ಲ ಕೂದಲು ಸೀಳಿದ ಹಾಗೆ ಅಳೆದುಕೊಟ್ಟರು. ಕೇಳದ್ದನ್ನು ಕೊಡಲಿಲ್ಲ.

ಆದರೆ ಕೈ ಸುಮ್ಮನಿರಲಿಲ್ಲ. ಮುಂದಿನ ಮಂಗಳವಾರ ಬೋಲ್ಟು ಹೊಡೆಯುವ ತಂಡದ ಮುಖ್ಯಸ್ಥೆಯನ್ನು ಏಣಿ ಹಿಡಿಯಲು ಕರೆದರು. ಎಲ್ಲರಿಗೂ ಅವಳು ಬೋಲ್ಟಕ್ಕ. ಹತ್ತು ಜನರ ತಂಡವನ್ನು ಬಾಯಿಯಲ್ಲೇ ಆಳುವ ಹೆಂಗಸು.

"ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಅಟ್ಟ ಹತ್ತೋ ಆಸೆ?"

"ನೀನು ಏಣಿ ಹಿಡಿ, ಬಾಯಿ ಹಿಡಿ."

"ಎರಡೂ ಒಟ್ಟಿಗೆ ಆಗಲ್ಲ. ಯಾವ್ದಾದ್ರೂ ಒಂದು ಹೇಳಿ."

ಮೇಷ್ಟ್ರು ಮೊಣಕಾಲನ್ನು ಕೈಯಿಂದ ಎತ್ತಿ ಎತ್ತಿ ಇಡುತ್ತ ಮೇಲೇರಿದರು. ಚಾವಣಿಗೆ ದೀಪ ಹಿಡಿದಾಗ ಅವರು ಅನುಮಾನಿಸಿದ್ದು ಕಣ್ಣೆದುರಿಗಿತ್ತು. ಸುರಂಗದ ಜೊತೆಜೊತೆಗೇ, ರೈಲುಹಳಿಯ ಹಾಗೆ ಉದ್ದಕ್ಕೂ ಓಡುವ ಬಿರುಕುಗಳು. ಅಡ್ಡ ಟೇಪು ಚಾವಣಿಯಲ್ಲಿ ಹಾದ ಆರು ಮೀಟರಿನಲ್ಲೇ ಹನ್ನೊಂದು. ಒಳಗೆಲ್ಲ ನುಣ್ಣನೆಯ ಜೇಡಿ, ಬೆರಳಿಟ್ಟರೆ ಜಾರುತ್ತಿತ್ತು. ಉದ್ದ ಟೇಪಿಗೆ ಅವು ಒಂದೂ ಸಿಕ್ಕಿರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಅದಕ್ಕೆ ಸಿಕ್ಕ ಎರಡು ಕುಟುಂಬದ ಬಿರುಕುಗಳು ಬಂಡೆಯನ್ನು ಉದ್ದುದ್ದ ತೊಲೆಗಳಾಗಿ ಸೀಳುತ್ತವೆ ಅಷ್ಟೇ. ತೊಲೆಯ ಎರಡು ತುದಿಯನ್ನೂ ಬಂಡೆಯೇ ಕಚ್ಚಿಕೊಂಡಿರುತ್ತದೆ. ಮೂರನೆಯ ಕುಟುಂಬ ಬಂದರೆ ತೊಲೆ ತುಂಡಾಗುತ್ತದೆ. ಡಾಕ್ಟರನ ಬಂಡೆಯಲ್ಲಿ ಈ ಮೂರನೆಯದು ಇಲ್ಲವೇ ಇಲ್ಲ. ಅವನ ಸೂತ್ರ ಸಿಕ್ಕಿದ ಬಿರುಕನ್ನು ಎಷ್ಟು ಪಾಲು ಬೇಕಾದರೂ ಹೆಚ್ಚಿಸಲಿ. ಸಿಕ್ಕಿದ್ದು ಸೊನ್ನೆಯಾದರೆ ಹೆಚ್ಚಿಸಿದ್ದೂ ಸೊನ್ನೆ.

ಏಣಿಯ ಮೇಲೆ, ಆ ಧೂಳಿನಲ್ಲಿ, ಮೇಷ್ಟ್ರಿಗೆ ಆರು ವರ್ಷದಲ್ಲಿ ಕಾಣದಷ್ಟು ಸಂತೋಷವಾಯಿತು.

ಮುಂದಿನ ವಾರದ ಶುಕ್ರವಾರ ಕಂಪನಿಯ ಹಿರಿಯರೆಲ್ಲ ಕೂಡುವ ಸಭೆಯಿತ್ತು. ಕೋಣೆಯ ಮಾದರಿಯನ್ನು ಡಾಕ್ಟರ್ ಅಲ್ಲಿ ತೋರಿಸುವವನಿದ್ದ. ಎಲ್ಲ ಹಸಿರು ಎಂದು ಅವನು ಹೇಳಿ ಮುಗಿಸಿದ ಮೇಲೆ ತಾವು ಎದ್ದು ನಿಂತು, ಕೆಮ್ಮಿ, ಹನ್ನೊಂದನ್ನೂ ಬರೆದಿಟ್ಟ ಪುಸ್ತಕ ಬಿಡಿಸುವುದು. ಅದಕ್ಕೆ ಮೊದಲು ಯಾರಿಗೂ ಒಂದಕ್ಷರ ಹೇಳುವುದು ಬೇಡ. ಅಗಲಿಸುವ ಕೆಲಸ ಸಭೆಯ ಒಪ್ಪಿಗೆ ಬಂದ ಮೇಲಷ್ಟೇ ಶುರುವಾಗುತ್ತದೆ. ಅಲ್ಲಿಯವರೆಗೆ ಸುರಂಗ ಐದೇ ಮೀಟರ್. ಅಷ್ಟು ಅಗಲಕ್ಕೆ ಬಿಡಿಯಾಗುವ ತುಂಡು ಹೆಚ್ಚೆಂದರೆ ಹತ್ತು ಟನ್, ಎರಡು ಮೀಟರ್ ಎತ್ತರ. ಎರಡೂವರೆ ಮೀಟರಿನ ಬೋಲ್ಟು ಅದನ್ನು ದಾಟಿ ಗಟ್ಟಿ ಬಂಡೆಯನ್ನು ಹಿಡಿದಿದೆ. ಯಾರ ತಲೆಯ ಮೇಲೂ ಏನೂ ಬೀಳುವುದಿಲ್ಲ. ಹೀಗೆಂದು ತಮಗೆ ತಾವೇ ದಿನಕ್ಕೆ ನಾಲ್ಕು ಸಲ ಹೇಳಿಕೊಂಡರು. ಒಂದು ಸಲಕ್ಕೆ ಸಾಲದಿದ್ದುದು ಯಾಕೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಡಾಕ್ಟರ್ ಲ್ಯಾಪ್‌ಟಾಪ್ ತೆರೆದು ಬಂಡೆಯನ್ನು ಗಿರ್ರನೆ ತಿರುಗಿಸಿ ತೋರಿಸಿದ. ಮಾವ ಕನ್ನಡಕ ಏರಿಸಿಕೊಂಡು, "ಎಲ್ಲಾ ಹಸಿರಿದೆಯಲ್ಲಪ್ಪ, ತೋಟ ಇದ್ದ ಹಾಗೆ" ಎಂದರು.

"ಭಾವ ಕೊಟ್ಟ ಅಳತೆ ಮಾವ. ಅಷ್ಟು ಚೊಕ್ಕಟವಾಗಿ ಬೇರೆ ಯಾವ ಗಣಿಯಲ್ಲೂ ಅಳೆಯಲ್ಲ."

ಹೊಗಳಿಕೆಯನ್ನೂ ಅವನೇ ಹಂಚಬೇಕು! ಮೇಷ್ಟ್ರು ನಕ್ಕರು. ಮನೆಗೆ ಬರುವಾಗ ಹೆಂಡತಿ ಓರೆಗಣ್ಣಿನಲ್ಲಿ ನೋಡಿದಳು. "ಏನ್ರೀ, ಇವತ್ತು ಅವನನ್ನ ನೋಡಿ ನಗ್ತಾ ಇದ್ರಿ? ಬೇರೆ ದಿನ ಮೆಣಸಿನಕಾಯಿ ಕಚ್ಚಿದ ಹಾಗೆ ಇರ್ತಿತ್ತು ಮುಖ."

"ನಗಬಾರದಾ?"

"ನಗಿ. ಆದ್ರೆ ನಿಮ್ಮ ಈ ನಗು ನಂಗೊತ್ತು. ಯಾರೋ ಜಾರಿ ಬೀಳೋದನ್ನ ಕಾಯೋ ನಗು ಅದು."

ಬುಧವಾರ ಮಧ್ಯಾಹ್ನ ಮೇಷ್ಟ್ರು ಪಂಜರಕ್ಕಾಗಿ ಕಾಯುತ್ತಿದ್ದಾಗ ಬೋಲ್ಟಕ್ಕ ಎದುರಾದಳು. "ನಾಳೆಯಿಂದ ನಿಮ್ಮ ಅಟ್ಟ ಅಗಲ ಆಗುತ್ತೆ ಮೇಷ್ಟ್ರೇ. ಬೆಳಗಿನ ಪಾಳಿಗೆ ಸಿಡಿಮದ್ದು. ಹಿಂದೇನೇ ನಾವು ಹೋಗಿ ಬೋಲ್ಟ್ ಹೊಡೀಬೇಕು."

"ನಾಳೆ? ಸಭೆ ಶುಕ್ರವಾರ ಅಲ್ವಾ?"

"ಸಭೆ ಹೋಗ್ಲಿ ಬಿಡಿ. ಯಂತ್ರ ಬೇಗ ಬರ್ತಿದ್ಯಂತೆ. ಡಾಕ್ಟ್ರ ಮಾದರಿ ಹಸಿರು ಅಂತ ಮ್ಯಾನೇಜರು ಮೊದಲೇ ಹೂಂ ಅಂದ್ರಂತೆ."

ಮೇಷ್ಟ್ರು ಪಂಜರದ ಸಾಲಿನಿಂದ ಹೊರಬಂದರು. ಮೊದಲು ಹೊಳೆದದ್ದು ಡಾಕ್ಟರನನ್ನು ಬಿಟ್ಟು ಬೇರೆ ದಾರಿ ಇದೆಯೇ ಎಂಬುದು. ಪಾಳಿ ಮೇಲ್ವಿಚಾರಕನ ಗೂಡಿಗೆ ಹೋಗಿ, ಚಾವಣಿ ಸರಿಯಿಲ್ಲ, ಎರಡು ದಿನ ನಿಲ್ಲಿಸು ಎಂದರು. ಅವನು ಚಹಾ ಹೀರುತ್ತ ಗೋಡೆಯ ಕಾಗದ ತೋರಿಸಿದ. "ಇಲ್ಲಿ ಡಾಕ್ಟ್ರ ಸಹಿ ಇದೆ, ಸರಿಯಿದೆ ಅಂತ. ಸರಿಯಿಲ್ಲ ಅನ್ನೋದಕ್ಕೂ ಅವರದೇ ಸಹಿ ಬೇಕು. ನಿಮ್ಮ ಮನೆಯವರೇ ಅಲ್ವಾ, ಎರಡು ಹೆಜ್ಜೆ ಹೋಗಿ ಹಾಕಿಸ್ಕೊಂಡು ಬನ್ನಿ."

ಆ ಎರಡು ಹೆಜ್ಜೆಯನ್ನು ಮೇಷ್ಟ್ರು ಹೇಗೆ ಇಟ್ಟರೋ ಅವರಿಗೇ ಗೊತ್ತು. ಡಾಕ್ಟರನ ಕೋಣೆಯ ಬಾಗಿಲಲ್ಲಿ ನಿಂತಾಗಲೂ ಶುಕ್ರವಾರದ ಸಭೆ, ಸುತ್ತ ಕೂತವರ ಮುಖಗಳು, ತಮ್ಮ ಕೆಮ್ಮು, ಎಲ್ಲ ಕಣ್ಣ ಮುಂದೆ ಹಾದುಹೋಯಿತು. ಆಮೇಲೆ ಬೋಲ್ಟಕ್ಕನ ತಂಡದ ಹತ್ತು ಹೆಲ್ಮೆಟ್ಟುಗಳು ಹಾದುಹೋದವು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

"ಕೂತ್ಕೊಳ್ಳಿ ಭಾವ."

"ಕೂರೋಕೆ ಬಂದಿಲ್ಲ. ಚಾವಣಿ ನೋಡು."

ಡಾಕ್ಟರ್ ಬೆರಳಿಟ್ಟು ಎಣಿಸಿದ. "ಹನ್ನೊಂದು. ಒಂದೂ ಉದ್ದ ಟೇಪಿಗೆ ಸಿಕ್ಕಿಲ್ವಾ?"

"ಜೊತೆಗೇ ಓಡೋದು ಹೇಗೆ ಸಿಗುತ್ತೆ?"

"ಆದ್ರೆ ತಿದ್ದುಪಡಿ..." ಎಂದವನು ಅಲ್ಲಿಗೇ ನಿಂತ. ಮುಖದ ಬಣ್ಣ ಇಳಿಯಿತು. ಹನ್ನೊಂದನ್ನೂ ಒಳಗೆ ಸೇರಿಸಿ, ಬಂಡೆಗಳನ್ನು ಹೊಸದಾಗಿ ಕಟ್ಟಿ, ಹನ್ನೆರಡು ಮೀಟರ್ ಕೊರೆದ. ನಲವತ್ತು ನಿಮಿಷ ಹಿಡಿಯಿತು. ಮೇಷ್ಟ್ರು ನಿಂತೇ ಇದ್ದರು. ಪರದೆಯ ಮೇಲೆ ಚಾವಣಿಯ ನಡುವಿನಿಂದ ಬುಗುರಿಯನ್ನು ತಲೆಕೆಳಗಾಗಿ ಇಟ್ಟಂಥ ಒಂದು ತುಂಡು ಬಿಡಿಸಿಕೊಂಡಿತು. ಕಡುಗೆಂಪು. ನೂರ ನಲವತ್ತಾರು ಟನ್. ತುದಿ ನಾಲ್ಕೂವರೆ ಮೀಟರ್ ಮೇಲೆ. ಎರಡೂವರೆ ಮೀಟರಿನ ಬೋಲ್ಟುಗಳು ತುಂಡಿನ ಹೊಟ್ಟೆಯೊಳಗೇ ಮುಗಿದುಹೋಗಿದ್ದವು. ಬಿದ್ದರೆ ಅದರ ಜೊತೆಗೇ ಬೀಳುತ್ತಿದ್ದವು. ಬಲಗಳ ಭಾಗಲಬ್ಧ ಪಾಯಿಂಟ್ ಏಳು.

ಡಾಕ್ಟರ್ ಫೋನೆತ್ತಿ ಸಿಡಿಮದ್ದು ನಿಲ್ಲಿಸಿದ. ನಂಬರು ಒತ್ತುವಾಗ ಎರಡು ಸಲ ತಪ್ಪಿದ್ದ. ಮೇಷ್ಟ್ರು ಅದನ್ನು ನೋಡಿದರು, ನೋಡಿ ಸುಖಪಟ್ಟರು. ಸುಖ ಎರಡು ಉಸಿರಿನಷ್ಟು ಹೊತ್ತು ಇತ್ತು. ಅಷ್ಟರಲ್ಲಿ ಡಾಕ್ಟರನ ಕಣ್ಣು ಪುಟದ ಮೂಲೆಗೆ ಹೋಗಿ ನಿಂತಿತು.

"ಇದು ಹೋದ ವಾರ ಮಂಗಳವಾರದ್ದು."

"ಹೌದು."

"ಎಂಟು ದಿನ ಆಯ್ತು ಭಾವ."

ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಡಾಕ್ಟರ್ ಪುಸ್ತಕ ಮುಚ್ಚಿ ಎರಡು ಕೈಯಲ್ಲಿ ಹಿಂದಕ್ಕೆ ಕೊಟ್ಟ.

ಶುಕ್ರವಾರದ ಸಭೆಯಲ್ಲಿ ಮೇಷ್ಟ್ರು ಕೆಮ್ಮಬೇಕಾಗಿ ಬರಲಿಲ್ಲ. ಡಾಕ್ಟರ್ ತಾನೇ ಎದ್ದು ನಿಂತು, ಅಡ್ಡ ಟೇಪು ತೆಗೆದದ್ದು ತನ್ನ ತಪ್ಪು, ಮಾದರಿ ಹಸಿರು ಎಂದದ್ದು ತನ್ನ ತಪ್ಪು, ಮೇಷ್ಟ್ರು ತಾವಾಗಿಯೇ ಏಣಿ ಹತ್ತದಿದ್ದರೆ ಹತ್ತು ಜನರ ಜೀವ ಹೋಗುತ್ತಿತ್ತು ಎಂದು ಒಂದೂ ಬಿಡದೆ ಹೇಳಿದ. ಮೇಷ್ಟ್ರು ಬಯಸಿದ್ದ ಮಾತುಗಳೇ, ಬಯಸಿದ್ದ ಜನರ ಮುಂದೆಯೇ. ಆದರೆ ಅವನ ಬಾಯಿಂದ ಬಂದಾಗ ಅವು ಅವನದೇ ಆಗಿಬಿಟ್ಟವು. ಮೇಷ್ಟ್ರ ಬೆನ್ನು ಒಂದಿಬ್ಬರು ತಟ್ಟಿದರು. ಉಳಿದವರೆಲ್ಲ ಡಾಕ್ಟರನ ಕಡೆ ತಿರುಗಿದ್ದರು. "ಎಷ್ಟು ಜನ ಹೀಗೆ ಒಪ್ಕೋತಾರೆ ಹೇಳಿ? ದೊಡ್ಡ ಮನುಷ್ಯ" ಎಂದು ಯಾರೋ ಪಿಸುಗುಟ್ಟಿದರು. ತಪ್ಪು ಮಾಡಿ ದೊಡ್ಡವನಾದ ಅವನು. ಸರಿ ಮಾಡಿದ ತಾವು ಮತ್ತೆ ಅಳತೆ ತಂದುಕೊಟ್ಟವರಾದರು.

ಆಮೇಲೆ ವರದಿಗೆ ಲಗತ್ತಿಸುವ ಹಾಳೆ ಕೈಯಿಂದ ಕೈಗೆ ಬಂತು. ಹನ್ನೊಂದು ಬಿರುಕುಗಳೂ ಟೈಪಾಗಿದ್ದವು. ಅಳೆದವರ ಜಾಗದಲ್ಲಿ ಮೇಷ್ಟ್ರ ಹೆಸರು. ಅಳೆದ ದಿನಾಂಕದ ಜಾಗ ಖಾಲಿ. ಡಾಕ್ಟರ್ ಬಗ್ಗಿ ಮೆಲ್ಲಗೆ, "ದಿನಾಂಕ ನೀವೇ ಹಾಕ್ಕೊಳ್ಳಿ ಭಾವ" ಎಂದ. ಅವನ ಮುಖದಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಇದ್ದದ್ದು ಕರುಣೆ.

ಬುಧವಾರ ಎಂದು ಬರೆದರೆ ಎಲ್ಲ ಮುಗಿಯಿತು. ಎಂಟು ದಿನದ ಗುಟ್ಟು ಇಬ್ಬರಲ್ಲೇ ಉಳಿಯುತ್ತದೆ. ಅಂದರೆ ಪ್ರತಿ ಭಾನುವಾರದ ಊಟದಲ್ಲಿ, ಅವನು ಎದ್ದು ನಿಂತು ಭಾವ ಎಂದಾಗಲೆಲ್ಲ, ತಟ್ಟೆ ತೊಳೆಯುವಾಗಲೆಲ್ಲ, ತಮ್ಮ ಮಾನ ಅವನ ಜೇಬಿನಲ್ಲಿರುತ್ತದೆ. ಅವನು ಯಾವತ್ತೂ ಯಾರಿಗೂ ಹೇಳುವುದಿಲ್ಲ; ಸಾಯುವವರೆಗೂ ಹೇಳುವುದಿಲ್ಲ. ಈ ಮನುಷ್ಯನ ಉಪಕಾರಕ್ಕಿಂತ ಮ್ಯಾನೇಜರನ ಬೈಗುಳ ಮೇಲು. ಪೆನ್ನು ಒತ್ತಿ ಹಿಡಿದು ಮಂಗಳವಾರದ ದಿನಾಂಕವನ್ನೇ ಬರೆದು ಹಾಳೆಯನ್ನು ಮುಂದಕ್ಕೆ ತಳ್ಳಿದರು.

ಮ್ಯಾನೇಜರು ಓದಿ ತಲೆಯೆತ್ತಿದರು. "ಮೇಷ್ಟ್ರೇ, ದಿನಾಂಕ ತಪ್ಪಾಗಿದೆ."

"ಇಲ್ಲ. ಅವತ್ತೇ ಅಳೆದದ್ದು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಇವತ್ತು ಹೇಳೋಣ ಅಂತಿದ್ದೆ. ಎಲ್ಲರ ಮುಂದೆ."

ಡಾಕ್ಟರ್ ತಲೆ ತಗ್ಗಿಸಿದ. ಬಾಗಿಲ ಬಳಿ ತಂಡದ ಪರವಾಗಿ ಕೂತಿದ್ದ ಬೋಲ್ಟಕ್ಕ ಒಬ್ಬಳೇ ಮಾತಾಡಿದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಏಣಿ ಹಿಡಿದವಳು ನಾನು ಮೇಷ್ಟ್ರೇ. ಆಮೇಲೂ ಎಂಟು ದಿನ ಅದರ ಕೆಳಗೇ ಕೂತು ಊಟ ಮಾಡಿದ್ದೀನಿ. ಒಂದು ದಿನ ನೀವೂ ಪಕ್ಕದಲ್ಲೇ ಕೂತಿದ್ರಿ."

ಐದು ಮೀಟರಿಗೆ ಆ ಬೋಲ್ಟು ಸಾಕಿತ್ತು ಎಂದು ಹೇಳಲು ಮೇಷ್ಟ್ರು ಬಾಯಿ ತೆರೆದರು. ಲೆಕ್ಕ ಸರಿಯಾಗಿಯೇ ಇತ್ತು. ಹೇಳದೆ ಬಾಯಿ ಮುಚ್ಚಿಕೊಂಡರು.

ಅವರನ್ನು ಆರು ತಿಂಗಳು ಕೆಳಗಿಳಿಯದಂತೆ ಮಾಡಿದರು. ಕೆಲಸದಿಂದ ತೆಗೆಯಬೇಕೆಂದವರೂ ಇದ್ದರಂತೆ. ಬೇಡವೆಂದು ವಾದಿಸಿದವನು ಯಾರೆಂದು ಕೇಳುವ ಅಗತ್ಯ ಮೇಷ್ಟ್ರಿಗೆ ಕಾಣಲಿಲ್ಲ. ಮೇಲೆ ಬೇರೆ ಜಾಗವಿಲ್ಲದ್ದರಿಂದ ಮೇಜು ಹಾಕಿದ್ದು ಡಾಕ್ಟರನ ಕೋಣೆಯಲ್ಲಿ, ಅವನಿಗೆ ಎದುರಾಗಿ. "ಹಜಾರದಲ್ಲಿ ನೋಡಿದ್ದು ಸಾಲ್ದು ಅಂತ ಅಲ್ಲೂ ಕೂರ್ಸಿದ್ರಾ?" ಎಂದು ಹೆಂಡತಿ ಕೇಳಿದಳು. ನಗಲಿಲ್ಲ. ಆ ಎಂಟು ದಿನದ ವಿಷಯ ಅವಳಿಗೆ ಗೊತ್ತಾದಂದಿನಿಂದ ಅವಳು ಅವರೆದುರು ನಕ್ಕಿರಲಿಲ್ಲ. ಬೋಲ್ಟಕ್ಕ ಅಂಗಳದಲ್ಲಿ ಎದುರಾದರೆ ದಾರಿ ಬಿಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಮೂರನೆಯ ದಿನ ಡಾಕ್ಟರ್ ಫಾರಮ್ಮನ್ನು ಹೊಸದಾಗಿ ಬರೆದು, ಅಡ್ಡ ಟೇಪಿಗೆ ಎರಡು ಹಾಳೆ ಸೇರಿಸಿ, ನೋಡಿಕೊಡಿ ಎಂದು ಮೇಷ್ಟ್ರ ಮುಂದಿಟ್ಟ. ಮೇಷ್ಟ್ರು ಅದನ್ನು ವೈರಿಯ ಜಾತಕ ನೋಡುವ ಹಾಗೆ ಸಾಲುಸಾಲು ನೋಡಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಏನೂ ಸಿಗಲಿಲ್ಲ. ಎರಡನೆಯ ಹಾಳೆಯ ಬುಡದಲ್ಲಿ, ಟೇಪು ಚಾವಣಿಯ ಬಾಗಿನಲ್ಲಿ ತಿರುಗುವಾಗ ಅದರ ದಿಕ್ಕು ಎಷ್ಟು ಬದಲಾಯಿತೆಂದು ಬರೆಯಲು ಜಾಗವೇ ಇಲ್ಲದ್ದು ಕಣ್ಣಿಗೆ ಬಿತ್ತು. ಅದಿಲ್ಲದಿದ್ದರೆ ತಿದ್ದುಪಡಿಯ ಕೋನವೆಲ್ಲ ತಪ್ಪು.

"ಏ ಡಾಕ್ಟರ್, ಇಲ್ಲಿ ನೋಡು" ಎಂದು ಆಗಲೇ ಕೂಗಿದರು.

ಅವನು ಎದ್ದು ಬಂದು, ನೋಡಿ, "ಅಯ್ಯೋ, ಹೌದಲ್ಲ" ಎಂದು ಹಣೆ ಚಚ್ಚಿಕೊಂಡ.

ಆ ದಿನ ಮೇಷ್ಟ್ರಿಗೆ ಊಟ ರುಚಿಸಿತು.